ಮೊದಲು ನಾವು ಮಗುವಿನ ಆಟಕ್ಕೆ ಸೇರುವುದು: ವಿಶೇಷ ಅಗತ್ಯವುಳ್ಳ ಪುಟ್ಟ ಮಕ್ಕಳಿಗೆ ಆಟದ ಮೂಲಕ ಕಲಿಸುವ ಬಗೆ

ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯ ಮನೆಯಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಪಡಸಾಲೆಯ ಕಲ್ಲುಹಾಸಿನ ಮೇಲೆ ಸ್ಟೀಲ್ ಡಬ್ಬಿಗಳ ಮುಚ್ಚಳಗಳನ್ನು ತಿರುಗಿಸುತ್ತಿದ್ದ. ಮುಚ್ಚಳ ಬುಗುರಿಯ ಹಾಗೆ ತಿರುಗಿ, ವೇಗ ಕಳೆದುಕೊಂಡು, ಕಡೆಗೆ ಗಣಗಣ ಸದ್ದು ಮಾಡುತ್ತ ನೆಲಕ್ಕೊರಗುವವರೆಗೂ ಅವನು ಕೆನ್ನೆಯನ್ನು ಕಲ್ಲಿಗೆ ತಾಗಿಸಿ ಅದನ್ನೇ ನೋಡುತ್ತಿದ್ದ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ, ಮಾತು ಬಂದಿರಲಿಲ್ಲ. ಅವನಿಗೆ ಕಲಿಸಲೆಂದು ಬಣ್ಣದ ಮರದ ತುಂಡುಗಳ ಪೆಟ್ಟಿಗೆ ಹಿಡಿದು ಹೋಗಿದ್ದ ನಾನು ಮೊದಲು ಮಾಡಿದ ಕೆಲಸವೆಂದರೆ ಆ ಮುಚ್ಚಳಗಳನ್ನು ಅವನ ಕೈಯಿಂದ ತೆಗೆದು ಬದಿಗಿಟ್ಟದ್ದು. ಅವನು ಅರ್ಧ ಗಂಟೆ ಅತ್ತ. ಮುಂದಿನ ಎರಡು ವಾರ ನನ್ನನ್ನು ಬಾಗಿಲಲ್ಲಿ ಕಂಡೊಡನೆ ಒಳಮನೆಗೆ ಓಡುತ್ತಿದ್ದ. ಮೂರನೆಯ ವಾರ ನಾನು ಪೆಟ್ಟಿಗೆಯನ್ನು ಒಯ್ಯಲಿಲ್ಲ. ಅವನಿಂದ ಒಂದು ಮಾರು ದೂರದಲ್ಲಿ ಕುಳಿತು, ಅವನ ತಾಯಿ ಅಡುಗೆಮನೆಯಿಂದ ತಂದುಕೊಟ್ಟ ಇನ್ನೊಂದು ಮುಚ್ಚಳವನ್ನು ನಾನೂ ತಿರುಗಿಸತೊಡಗಿದೆ. ಅದು ಬಿದ್ದ ಸದ್ದಿಗೆ ಅವನು ತಲೆಯೆತ್ತಿ ಮೊದಲು ನನ್ನ ಕೈಯನ್ನೂ ಆಮೇಲೆ, ಒಂದೇ ಒಂದು ಕ್ಷಣ, ನನ್ನ ಮುಖವನ್ನೂ ನೋಡಿದ. ಕಲಿಸುವ ಕೆಲಸ ನನಗೆ ಶುರುವಾದದ್ದು ಅಂದಿನಿಂದ.

ಮೂರರಿಂದ ಎಂಟು ವರ್ಷದವರೆಗಿನ ಮಕ್ಕಳಿಗೆ ಆಟದ ಮೂಲಕವೇ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ, ಅಂಗನವಾಡಿಗಳಲ್ಲಿಯೂ ನಲಿ–ಕಲಿ ತರಗತಿಗಳಲ್ಲಿಯೂ ಈ ಮಾತು ಹೊಸದಲ್ಲ. ಆದರೆ ಮಗುವಿಗೆ ಆಟಿಸಂ (ಬೆರೆಯುವುದರಲ್ಲಿ, ಮಾತುಕತೆಯಲ್ಲಿ ತೊಡಕು), ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿದ್ದು ಬೆಳವಣಿಗೆ ನಿಧಾನವಾಗುವುದು), ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಮೇಲೆ ಹಿಡಿತ ತಪ್ಪುವುದು), ಶ್ರವಣದೋಷ ಅಥವಾ ಕುಂಠಿತ ಬೆಳವಣಿಗೆ ಇದೆ ಎಂದು ಗೊತ್ತಾದ ದಿನದಿಂದ ಮನೆಯವರ ಮನಸ್ಸಿನಲ್ಲಿ ಆಟ ಹಿಂದಕ್ಕೆ ಸರಿಯುತ್ತದೆ. ಮೊದಲು ಥೆರಪಿ, ಆಮೇಲೆ ಅಕ್ಷರ, ಸಮಯ ಉಳಿದರೆ ಆಟ ಎಂಬ ಲೆಕ್ಕ ಬರುತ್ತದೆ. ಈ ಲೆಕ್ಕ ತಿರುವುಮುರುವಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೈಗೆ ಬಲ ಬರುವುದು, ಕಣ್ಣು ಒಂದೆಡೆ ನಿಲ್ಲುವುದು, ಸರದಿ ಕಾಯುವುದು, ಬೇಕಾದುದನ್ನು ಕೇಳುವುದು, ಇವೆಲ್ಲ ಇಂಥ ಮಗುವಿಗೂ ಆಟದಲ್ಲಿಯೇ ಬರಬೇಕು. ಆ ಆಟ ಮಗುವಿನದಾಗಿರಬೇಕು, ನಾವು ಅದಕ್ಕೆ ಸೇರಿಕೊಂಡು ಒಂದೊಂದೇ ಹೆಜ್ಜೆ ಮುಂದೆ ಒಯ್ಯಬೇಕು. ಅದನ್ನು ಮಾಡುವ ಬಗೆಯನ್ನು ತಾಯಂದಿರಿಗೂ ಅಜ್ಜಿಯರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ಒಂದನೆಯ, ಎರಡನೆಯ ತರಗತಿಯ ಅಕ್ಕೋರಿಗೂ ಉಪಯೋಗವಾಗುವಂತೆ ಇಲ್ಲಿ ಬರೆದಿದ್ದೇನೆ.

ಮೊದಲ ವಾರ: ಬರೀ ನೋಡುವುದು

ಒಂದು ನೋಟುಬುಕ್ಕು ತೆಗೆದುಕೊಳ್ಳಿರಿ. ಏಳು ದಿನ, ದಿನಕ್ಕೆ ಹದಿನೈದು ನಿಮಿಷ, ಮಗು ತನ್ನ ಪಾಡಿಗೆ ತಾನಿರುವಾಗ ಹತ್ತಿರ ಕುಳಿತು ನೋಡಿರಿ, ಏನನ್ನೂ ಕಲಿಸಬೇಡಿರಿ. ಯಾವ ವಸ್ತುವಿನತ್ತ ತಾನಾಗಿ ಹೋಗುತ್ತದೆ, ಯಾವ ಕೈಯನ್ನು ಹೆಚ್ಚು ಬಳಸುತ್ತದೆ, ಒಂದೇ ವಸ್ತುವಿನೊಂದಿಗೆ ಎಷ್ಟು ಹೊತ್ತು ಇರುತ್ತದೆ, ಯಾವ ಸದ್ದಿಗೆ ಹೊರಳುತ್ತದೆ, ಯಾವುದನ್ನು ಮುಟ್ಟಲು ಹಿಂಜರಿಯುತ್ತದೆ, ಬೇಕಾದುದನ್ನು ಹೇಗೆ ಕೇಳುತ್ತದೆ ಎಂಬುದನ್ನು ಬರೆದಿಡಿರಿ. ಕೇಳುವುದೆಂದರೆ ಮಾತೇ ಆಗಬೇಕಿಲ್ಲ. ನಿಮ್ಮ ಮಣಿಕಟ್ಟು ಹಿಡಿದು ನೀರಿನ ಹರವಿಯ ಕಡೆಗೆ ಎಳೆಯುವುದು ಕೇಳುವುದೇ, ಡಬ್ಬಿಯನ್ನೂ ನಿಮ್ಮ ಮುಖವನ್ನೂ ಸರದಿಯಂತೆ ನೋಡುವುದು ಇನ್ನೂ ಮುಂದುವರಿದ ಕೇಳುವಿಕೆ.

ಬರೆಯುವಾಗ ತೀರ್ಮಾನ ಬರೆಯದೆ ಕಂಡದ್ದನ್ನು ಬರೆಯಬೇಕು. ‘ಹಟ ಮಾಡಿದಳು’ ಎಂಬ ಸಾಲಿನಿಂದ ಮುಂದಿನ ವಾರ ಏನೂ ತಿಳಿಯುವುದಿಲ್ಲ. ‘ಮಿಕ್ಸರ್ ಶುರುವಾದೊಡನೆ ಎರಡೂ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು, ಅಲ್ಲಿ ಬಕೆಟ್ಟಿನ ನೀರಿನಲ್ಲಿ ಕೈಯಾಡಿಸುತ್ತ ಐದು ನಿಮಿಷಕ್ಕೆ ಸಮಾಧಾನವಾದಳು’ ಎಂದು ಬರೆದರೆ ಅದರಲ್ಲಿಯೇ ಮೂರು ಸಂಗತಿಗಳು ಸಿಕ್ಕಿದಂತಾಯಿತು: ಯಾವ ಸದ್ದು ಆಗದು, ಯಾವ ಜಾಗ ಆಗುತ್ತದೆ, ಯಾವ ಆಟದಿಂದ ಮನಸ್ಸು ತಿಳಿಯಾಗುತ್ತದೆ. ಹೊಟ್ಟೆ ಹಸಿದಾಗ, ನಿದ್ದೆ ಬಂದಾಗ ಯಾವ ಮಗುವೂ ಕಲಿಯದು. ಆದ್ದರಿಂದ ಮಗು ಗೆಲುವಾಗಿರುವ ಹೊತ್ತು ಯಾವುದೆಂಬುದನ್ನೂ ಗುರುತು ಮಾಡಿಕೊಳ್ಳಿರಿ, ಆಟದ ಸಮಯ ಅದೇ ಆಗಿರಲಿ.

ಸೇರುವುದು, ಕಾಯುವುದು, ಒಂದು ಹೆಜ್ಜೆ ಕೂಡಿಸುವುದು

ಎರಡನೆಯ ವಾರ ಮಗುವಿನ ಎದುರಿಗೆ, ಅದರ ಕಣ್ಣಿನ ಮಟ್ಟಕ್ಕೆ ನಿಮ್ಮ ಮುಖ ಬರುವಂತೆ ನೆಲದ ಮೇಲೆ ಕುಳಿತುಕೊಳ್ಳಿರಿ, ಅದು ಮಾಡುತ್ತಿರುವುದನ್ನೇ ನೀವೂ ಮಾಡಿರಿ. ಅದು ಉಸುಕನ್ನು ಬೆರಳ ಸಂದಿನಿಂದ ಸುರಿಯುತ್ತಿದ್ದರೆ ನೀವೂ ಸುರಿಯಿರಿ, ತಾಟು ಬಡಿಯುತ್ತಿದ್ದರೆ ಅದು ಬಡಿದಷ್ಟೇ ಸಲ ನೀವೂ ಬಡಿಯಿರಿ. ಪ್ರಶ್ನೆ ಕೇಳಬೇಡಿರಿ. ‘ಇದು ಯಾವ ಬಣ್ಣ, ಇದು ಎಷ್ಟು’ ಎಂದು ಕೇಳತೊಡಗಿದೊಡನೆ ಆಟ ಹೋಗಿ ಪರೀಕ್ಷೆ ಬರುತ್ತದೆ, ಮಕ್ಕಳಿಗೆ ಅದು ಬಹಳ ಬೇಗ ಗೊತ್ತಾಗುತ್ತದೆ. ಕೆಲವು ದಿನಗಳಲ್ಲಿ ಮಗು ತಾನು ನಿಲ್ಲಿಸಿ, ನೀವು ಮುಂದೇನು ಮಾಡುತ್ತೀರೆಂದು ನೋಡುತ್ತದೆ. ಆ ನೋಟ ಬರುವವರೆಗೆ ಮುಂದಿನ ಹೆಜ್ಜೆ ಇಡಬಾರದು.

ಆಮೇಲೆ ಬರುವುದು ಕಾಯುವ ಕೆಲಸ, ಎಲ್ಲಕ್ಕಿಂತ ಕಠಿಣವಾದದ್ದು ಇದೇ. ಮುಚ್ಚಳದ ಹುಡುಗನೊಂದಿಗೆ ನಾನು ಮುಚ್ಚಳವನ್ನು ತಿರುಗಿಸಲು ಹಿಡಿದು, ತಿರುಗಿಸದೆ, ಮನಸ್ಸಿನಲ್ಲಿಯೇ ಹತ್ತರವರೆಗೆ ಎಣಿಸುತ್ತಿದ್ದೆ. ಅವನ ಅಜ್ಜಿಗೆ ತಾಳ್ಮೆ ಉಳಿಯುತ್ತಿರಲಿಲ್ಲ, “ತಿರಗಸ್ರೀ, ಪಾಪ ಹುಡುಗ ಕಾಯಾಕತ್ತಾನ” ಎನ್ನುತ್ತಿದ್ದರು. ಹತ್ತು ಎಣಿಸುವುದರೊಳಗೆ ಒಂದು ದಿನ ಅವನು ಬಂದು ನನ್ನ ಕೈಯನ್ನು ತಳ್ಳಿದ. ಅದು ಅವನು ನನ್ನ ಮುಂದೆ ಇಟ್ಟ ಮೊದಲ ಬೇಡಿಕೆ. ಕೂಡಲೇ “ತಿರಗಸು” ಎಂದು ಹೇಳಿ ತಿರುಗಿಸಿದೆ, ಬಿದ್ದಾಗ ಎರಡೂ ಅಂಗೈ ಬಿಚ್ಚಿ ತೋರಿಸಿ “ಆತು” ಎಂದೆ. ಪ್ರತಿಸಲವೂ ಅದೇ ಎರಡು ಶಬ್ದ, ಅದೇ ಸನ್ನೆ. ನಮ್ಮಲ್ಲಿ ಅನೇಕರು ಮಗುವಿಗೆ ಉತ್ತರ ಹುಡುಕಲು ಎರಡು ಕ್ಷಣವನ್ನೂ ಕೊಡದೆ ಕೆಲಸವನ್ನು ತಾವೇ ಮಾಡಿ ಮುಗಿಸಿಬಿಡುತ್ತೇವೆ. ನಿಧಾನವಾಗಿ ಸ್ಪಂದಿಸುವ ಮಗು ಹೀಗೆ ಪ್ರಯತ್ನಿಸುವುದನ್ನೇ ಬಿಟ್ಟುಬಿಡುತ್ತದೆ.

ಆ ಆಟಕ್ಕೆ ಒಂದೊಂದೇ ಸಂಗತಿಯನ್ನು ಕೂಡಿಸುತ್ತ ಹೋದೆವು. ಮೊದಲು ಸರದಿ: ಒಮ್ಮೆ ಅವನು, ಒಮ್ಮೆ ನಾನು. ಆಮೇಲೆ ದೊಡ್ಡ ಮುಚ್ಚಳ ಮತ್ತು ಸಣ್ಣ ಮುಚ್ಚಳ, ಎರಡರ ಸದ್ದೂ ಬೇರೆ ಎಂಬುದು ಅವನಿಗೆ ನನಗಿಂತ ಮೊದಲೇ ತಿಳಿದಿತ್ತು. ಆಮೇಲೆ ಡಬ್ಬಿಗಳು ಬಂದವು, ಯಾವ ಮುಚ್ಚಳ ಯಾವ ಡಬ್ಬಿಗೆ ಕೂಡುತ್ತದೆ ಎಂಬ ಹೊಂದಿಸುವ ಆಟ ಬಂತು. ಆರು ತಿಂಗಳ ಹೊತ್ತಿಗೆ ಸಂಜೆ ಅಡುಗೆಮನೆಯಲ್ಲಿ ತಾಯಿಯೊಂದಿಗೆ ಡಬ್ಬಿಗಳನ್ನು ಜೋಡಿಸಿಡುವುದು ಅವನ ಕೆಲಸವಾಯಿತು. ಏಳನೆಯ ತಿಂಗಳಲ್ಲಿ, ಹಾಲಿನ ಲೋಟ ಖಾಲಿಯಾದಾಗ, ಅವನು ಅಂಗೈ ಬಿಚ್ಚಿ “ಆತು” ಎಂದ. ಎಲ್ಲ ಮಕ್ಕಳಿಗೂ ಏಳು ತಿಂಗಳಿಗೆ ಮಾತು ಬರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಕೆಲವು ಮಕ್ಕಳು ಸನ್ನೆಯಿಂದ, ಕೆಲವು ಮಕ್ಕಳು ಚಿತ್ರ ತೋರಿಸಿ ಮಾತಾಡುವವರಾಗುತ್ತಾರೆ, ಅದೂ ಮಾತೇ. ಸನ್ನೆ ಕಲಿಸಿದರೆ ಬಾಯಿಮಾತು ಬಾರದೆ ಉಳಿದೀತೆಂಬ ಅಂಜಿಕೆ ಬೇಡ. ಸನ್ನೆ ಮಾತಿನ ದಾರಿಗೆ ಅಡ್ಡ ಬರುವುದಿಲ್ಲ.

ಹಲವು ಹಂತಗಳ ಕೆಲಸವನ್ನು ಕಲಿಸುವಾಗ ಕೊನೆಯ ಹಂತದಿಂದ ಹಿಂದಕ್ಕೆ ಬರುವುದು ಬುದ್ಧಿಮಾಂದ್ಯತೆ ಇರುವ ಮಕ್ಕಳಿಗೆ ಬಹಳ ಒಗ್ಗುತ್ತದೆ. ಡಬ್ಬಿ ಹಿಡಿಯುವುದು, ಮುಚ್ಚಳ ಎತ್ತುವುದು, ಅಂಚಿಗೆ ಅಂಚು ಕೂಡಿಸುವುದು, ಒತ್ತುವುದು ಎಂಬ ನಾಲ್ಕರಲ್ಲಿ ಮೊದಲ ಮೂರನ್ನು ನೀವು ಮಾಡಿ ಒತ್ತುವುದನ್ನು ಮಾತ್ರ ಮಗುವಿಗೆ ಬಿಡಿರಿ. ಅದು ಕರಗತವಾದ ಮೇಲೆ ಕೊನೆಯ ಎರಡನ್ನು ಬಿಡಿರಿ. ಹೀಗೆ ಮಾಡಿದರೆ ಕೆಲಸ ಮುಗಿಸಿದ ಸಂತೋಷ ಪ್ರತಿಸಲವೂ ಮಗುವಿನ ಪಾಲಿಗೇ ಬರುತ್ತದೆ, ಅರ್ಧಕ್ಕೆ ಸೋತೆ ಎಂಬ ಅನುಭವ ಬರುವುದಿಲ್ಲ. ಅಂಗಿಯ ಗುಂಡಿ, ಚಪ್ಪಲಿ, ಊಟದ ತಾಟು ತೊಳೆದಿಡುವುದು ಎಲ್ಲಕ್ಕೂ ಇದೇ ಕ್ರಮ.

ಮನೆಯಲ್ಲಿರುವ ಸಾಮಾನುಗಳು

ದುಬಾರಿ ಆಟಿಕೆ ಕೊಳ್ಳಲಾಗದ್ದಕ್ಕೆ ಮಗು ಹಿಂದೆ ಬಿತ್ತೆಂದು ಮರುಗುವ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಒಂದು ಸಂಗತಿ ಹೇಳುತ್ತೇನೆ. ಇಂದು ಪಟ್ಟಣದ ದೊಡ್ಡ ಶಾಲೆಗಳಲ್ಲಿ ಕಾಣುವ ಮಾಂಟೆಸರಿ ಸಾಮಗ್ರಿಗಳ ಮೂಲ ಬುದ್ಧಿಮಾಂದ್ಯ ಮಕ್ಕಳ ಕಲಿಕೆಯಲ್ಲಿದೆ. ಮರಿಯಾ ಮಾಂಟೆಸರಿ ಎಂಬ ಇಟಲಿಯ ವೈದ್ಯೆ ರೋಮ್ ನಗರದಲ್ಲಿ ಅಂಥ ಮಕ್ಕಳೊಂದಿಗೆ ಕೆಲಸ ಮಾಡಿ, ಅಲ್ಲಿ ಕಂಡುಕೊಂಡದ್ದನ್ನು 1907ರಲ್ಲಿ ತೆರೆದ ‘ಮಕ್ಕಳ ಮನೆ’ಯಲ್ಲಿ ಉಳಿದ ಮಕ್ಕಳಿಗೂ ಬಳಸಿದರು. ಸುರಿಯುವುದು, ಹೊಂದಿಸುವುದು, ಆರಿಸುವುದು, ಮುಟ್ಟಿ ತಿಳಿಯುವುದು ಆ ಸಾಮಗ್ರಿಗಳ ತಿರುಳು. ಅದಕ್ಕೆ ಬೇಕಾದುದೆಲ್ಲ ನಮ್ಮ ರೊಟ್ಟಿ ಬಡಿಯುವ ಮನೆಗಳಲ್ಲಿದೆ.

ಅಗಲವಾದ ಪರಾತದಲ್ಲಿ ಎರಡು ಸೇರು ಜೋಳ ಸುರಿದು, ಅದರೊಳಗೆ ಚಮಚ, ಬಳೆ, ಬೀಗದ ಕೈ ಬಚ್ಚಿಟ್ಟು ಹುಡುಕಿಸಿರಿ. ಸಣ್ಣ ಲೋಟದಿಂದ ದೊಡ್ಡ ತಂಬಿಗೆಗೆ ಜೋಳ ಸುರಿಸಿರಿ. ‘ತುಂಬಿತು’, ‘ಖಾಲಿ’, ‘ಇನ್ನಷ್ಟು’ ಎಂಬ ಶಬ್ದಗಳು ಅಲ್ಲಿಯೇ ಬರುತ್ತವೆ. ಶೇಂಗಾ ಒಡೆಯುವುದರಿಂದ ಹೆಬ್ಬೆರಳು ಮತ್ತು ತೋರುಬೆರಳ ಹಿಡಿತ ಬಲಗೊಳ್ಳುತ್ತದೆ, ಮುಂದೆ ಪೆನ್ಸಿಲ್ ಹಿಡಿಯಲು ಬೇಕಾಗುವ ಹಿಡಿತವೇ ಅದು. ರೊಟ್ಟಿಯ ಹಿಟ್ಟಿನ ಒಂದು ಉಂಡೆಯನ್ನು ಮಗುವಿಗೆ ಕೊಟ್ಟು ನೀವು ಬಡಿಯುವಾಗ ಅದೂ ಬಡಿಯಲಿ, ಅಂಗೈಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಹಿಟ್ಟಿನ ಅಂಟು ಸಹಿಸದ ಮಗುವಿದ್ದರೆ ಬಲವಂತ ಮಾಡದೆ ಮೊದಲು ಒಣಹಿಟ್ಟು, ಆಮೇಲೆ ಗಟ್ಟಿ ಹಿಟ್ಟು, ಕಡೆಗೆ ಮೆತ್ತಗಿನದು ಎಂಬಂತೆ ವಾರಗಟ್ಟಲೆ ನಿಧಾನವಾಗಿ ಒಯ್ಯಿರಿ. ಕೈಗೆ ಬದಲು ಮೊದಲು ಚಮಚದಿಂದ ಮುಟ್ಟಿದರೂ ಸಾಕು.

ಅಜ್ಜಿಯ ಕೌದಿ ನನಗೆ ಬಹಳ ಮೆಚ್ಚಿನ ಸಾಮಾನು. ಹಳೆಯ ಸೀರೆ, ಧೋತರ, ಖಣದ ಚೂರುಗಳನ್ನು ಕೂಡಿಸಿ ಹೊಲಿದ ಕೌದಿಯ ಮೇಲೆ ನುಣುಪು, ಒರಟು, ಮೆತ್ತಗಿನ ಬಟ್ಟೆಗಳು ಒಂದರ ಪಕ್ಕ ಒಂದು ಇರುತ್ತವೆ, ಕಣ್ಣು ಕಾಣದ ಮಗು ಬೆರಳಿನಿಂದ ಅದರ ಮೇಲೆ ಊರು ಸುತ್ತಬಹುದು. ಮೈಗೆ ಬಿಗಿಯಾದ ಒತ್ತಡ ಬಿದ್ದರೆ ನೆಮ್ಮದಿ ಪಡೆಯುವ ಆಟಿಸಂನ ಮಕ್ಕಳು ಅನೇಕರಿದ್ದಾರೆ. ಅಂಥ ಮಗುವನ್ನು ಕೌದಿಯಲ್ಲಿ ಸುತ್ತಿ ‘ಹೋಳಿಗೆ ಮಾಡೋಣ’ ಎಂದು ಉರುಳಿಸಿ, ಬೆನ್ನನ್ನು ಅಂಗೈಯಿಂದ ಒತ್ತುವ ಆಟ ಆಡಬಹುದು. ಮುಖ ಮತ್ತು ಕುತ್ತಿಗೆ ಯಾವಾಗಲೂ ಹೊರಗಿರಬೇಕು, ಮಗು ತಾನಾಗಿಯೇ ಬಿಚ್ಚಿಕೊಂಡು ಬರುವಷ್ಟು ಸಡಿಲವಾಗಿರಬೇಕು, ‘ಬೇಡ’ ಎಂಬ ಸನ್ನೆ ಬಂದೊಡನೆ ಬಿಟ್ಟುಬಿಡಬೇಕು.

ಅಪಾಯಗಳ ವಿಷಯದಲ್ಲಿ ಮುಲಾಜು ಬೇಡ. ಮೂರು ವರ್ಷದೊಳಗಿನ ಮಗುವಿಗೂ, ವಯಸ್ಸು ಎಷ್ಟೇ ಇದ್ದರೂ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಿಗೂ ಕಾಳು, ಶೇಂಗಾ, ಹುಣಸೆಬೀಜ, ಗೋಲಿ ಕೊಡಲೇಬಾರದು. ಶೇಂಗಾ ಕಾಳು ಉಸಿರಿನ ನಾಳಕ್ಕೆ ಹೋದರೆ ಜೀವಕ್ಕೆ ಕುತ್ತು. ಅಂಥ ಮಗುವಿಗೆ ಬದನೆಕಾಯಿ, ಬಟಾಟಿ, ದೊಡ್ಡ ಲೋಟಗಳಂಥ ಬಾಯಿಗೆ ಹಿಡಿಸದ ವಸ್ತುಗಳೇ ಆಟಿಕೆಯಾಗಲಿ. ಕಾಳಿನ ಸದ್ದು ಬೇಕಿದ್ದರೆ ಬಾಟಲಿಯಲ್ಲಿ ಹಾಕಿ ಮುಚ್ಚಳವನ್ನು ಗೋಂದಿನಿಂದ ಭದ್ರಪಡಿಸಿ ಕೊಡಿರಿ. ಬ್ಯಾಡಗಿ, ಹಾವೇರಿ ಕಡೆಯ ಮನೆಗಳಲ್ಲಿ ಖಾರದ ಪುಡಿ ಇಟ್ಟಿದ್ದ ಡಬ್ಬಿ, ಮೊರ, ಬುಟ್ಟಿಗಳನ್ನು ಎಷ್ಟು ತೊಳೆದರೂ ಆಟಕ್ಕೆ ಬಳಸಬೇಡಿರಿ, ಕಣ್ಣುಜ್ಜಿಕೊಳ್ಳುವ ಮಗುವಿಗೆ ಅದರ ಒಂದು ಕಣವೂ ಹೆಚ್ಚು. ನೀರಿನ ಆಟದಲ್ಲಿ ಒಂದು ಗೇಣು ನೀರಿದ್ದರೂ ಮಗುವನ್ನು ಒಂಟಿಯಾಗಿ ಬಿಟ್ಟು ಏಳಬಾರದು.

ಮಗುವಿನ ಮೈಗೆ ತಕ್ಕಂತೆ ಆಟ

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಆಟ ಕೂಡುವ ಭಂಗಿಯಿಂದಲೇ ಆರಂಭವಾಗುತ್ತದೆ. ಬೀಳದಂತೆ ಮೈಯನ್ನು ಹಿಡಿದುಕೊಳ್ಳುವುದರಲ್ಲಿಯೇ ಶಕ್ತಿಯೆಲ್ಲ ಖರ್ಚಾದರೆ ಕೈಗೆ ಏನೂ ಉಳಿಯುವುದಿಲ್ಲ. ಸೊಂಟ, ಮೊಣಕಾಲು, ಪಾದದ ಕೀಲು ಈ ಮೂರೂ ಕಡೆ ಮೂಲೆಮಟ್ಟದಂತೆ ನೇರ ಕೋನ ಬರುವ ಹಾಗೆ ಸಣ್ಣ ಕುರ್ಚಿಯಲ್ಲಿ ಕೂಡಿಸಿ, ಪಾದಗಳು ಜೋತುಬೀಳದಂತೆ ಬಟ್ಟೆ ಸುತ್ತಿದ ಇಟ್ಟಿಗೆಗಳನ್ನು ಕೆಳಗೆ ಇಡಿರಿ. ನೆಲದ ಮೇಲಾದರೆ ಎರಡು ಗೋಡೆ ಕೂಡುವ ಮೂಲೆಯಲ್ಲಿ ಕೂಡಿಸಿ, ಎರಡೂ ಬದಿಗೆ ಸುರುಳಿ ಸುತ್ತಿದ ಟವೆಲ್ ಒತ್ತಿಡಬಹುದು. ಆಟದ ಹಲಗೆ ಮೊಣಕೈಯ ಎತ್ತರಕ್ಕಿರಲಿ, ಸಾಮಾನು ಎದೆಯ ನೇರಕ್ಕೆ ನಡುವೆ ಇರಲಿ. ತಾಟು ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿರಿ. ಚಮಚ, ಕ್ರೇಯಾನು, ಕುಂಚಗಳ ಹಿಡಿಕೆಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ದಪ್ಪವಾಗಿ ಸುತ್ತಿದರೆ ಬೆರಳು ಪೂರ್ತಿ ಮಡಿಚಲಾಗದ ಕೈಗೂ ಹಿಡಿತ ಸಿಗುತ್ತದೆ. ನಾನು ಬಲ್ಲ ಒಬ್ಬ ಹುಡುಗಿ, ಎರಡು ವರ್ಷ ಬರೀ ತಾಯಿಯ ತೊಡೆಯ ಮೇಲೆ ಮಲಗಿ ಬೇರೆ ಮಕ್ಕಳ ಆಟ ನೋಡುತ್ತಿದ್ದವಳು, ಇಂಥ ಒಂದು ಮೂಲೆ ಸಿದ್ಧವಾದ ದಿನ ಟ್ಯೂಬು ಸುತ್ತಿದ ಚಮಚವನ್ನು ಹಿಡಿದು ಪರಾತವನ್ನು ಬಡಿದೇ ಬಡಿದಳು. ಇಡೀ ಓಣಿಗೆ ಕೇಳಿಸಿತು. ಕೂಡುವ ಭಂಗಿ ಯಾವುದೆಂಬುದನ್ನು ಫಿಜಿಯೋಥೆರಪಿಸ್ಟ್ ಒಬ್ಬರಿಗೆ ಒಮ್ಮೆ ತೋರಿಸಿ ಖಚಿತಪಡಿಸಿಕೊಳ್ಳಿರಿ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಬಿಡಬೇಡಿರಿ.

ಕಿವಿ ಮಂದವಿರುವ ಮಗುವಿನೊಂದಿಗೆ ಆಡುವಾಗ ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕುಳಿತು, ಶ್ರವಣ ಯಂತ್ರ ಹಾಕಿದ್ದಾರೆಯೇ ಎಂದು ಮೊದಲು ನೋಡಿ, ಸಾಮಾನು ತೋರಿಸುವುದನ್ನೂ ಹೆಸರು ಹೇಳುವುದನ್ನೂ ಒಂದಾದ ಮೇಲೊಂದು ಮಾಡಿರಿ. ಕಣ್ಣು ಏಕಕಾಲಕ್ಕೆ ಬಾಯಿಯನ್ನೂ ಆಟಿಕೆಯನ್ನೂ ನೋಡಲಾರದು. ದೃಷ್ಟಿ ಮಂದವಿದ್ದರೆ ಕಪ್ಪು ಕಂಬಳಿಯ ಮೇಲೆ ಬಿಳಿ ಬಟ್ಟಲು, ಹಳದಿ ಚೆಂಡು ಎಂಬಂತೆ ಬಣ್ಣಗಳ ಎದ್ದು ಕಾಣುವ ಜೋಡಿ ಬೇಕು, ಒಂದು ಸಲಕ್ಕೆ ಒಂದೇ ವಸ್ತು ಬೇಕು, ಚೆಂಡಿನೊಳಗೆ ಗೆಜ್ಜೆ ಇರಬೇಕು. ಅಂಥ ಮಗುವಿನ ಕೈ ಹಿಡಿದು ಎಳೆದು ಮುಟ್ಟಿಸಬೇಡಿರಿ. ನಿಮ್ಮ ಕೈಯನ್ನು ಅದರ ಕೈಯ ಕೆಳಗಿಟ್ಟು, ನಿಮ್ಮ ಕೈಯ ಮೇಲೇರಿ ಅದು ವಸ್ತುವನ್ನು ತಲುಪಲಿ, ಬೇಡವೆನಿಸಿದಾಗ ಕೈ ಹಿಂದೆಗೆಯುವ ಸ್ವಾತಂತ್ರ್ಯ ಅದಕ್ಕೆ ಇರಲಿ.

ಡೌನ್ ಸಿಂಡ್ರೋಮ್ ಇರುವ ಮಕ್ಕಳು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದರಲ್ಲಿ ಸಾಮಾನ್ಯವಾಗಿ ಮುಂದು. ಮಾತಿನ ಜೊತೆಗೆ ಚಿತ್ರ ಮತ್ತು ಸನ್ನೆ ಇದ್ದರೆ ಅವರು ಬೇಗ ಹಿಡಿಯುತ್ತಾರೆ. ಅವರಲ್ಲಿ ಕೆಲವರಿಗೆ ಕತ್ತಿನ ಮೇಲ್ಭಾಗದ ಮೂಳೆಯ ಕೀಲು ಸಡಿಲವಿರುತ್ತದೆ, ಆದ್ದರಿಂದ ಲಾಗ ಹಾಕುವ, ತಲೆ ಕೆಳಗಾಗಿ ನಿಲ್ಲುವ ಆಟಗಳು ವೈದ್ಯರು ಒಪ್ಪುವವರೆಗೆ ಬೇಡ.

ಆಟಿಸಂ ಇರುವ ಮಗುವಿಗೆ ಆಟ ಶುರುವಾಗುವುದಕ್ಕಿಂತ ಮುಗಿಯುವುದೇ ಹೆಚ್ಚು ಕಷ್ಟ. ಮುಂದೇನು ಎಂಬುದು ತಿಳಿಯದಿದ್ದಾಗ ಬರುವ ಕಳವಳವನ್ನು ನಾವು ಹಟವೆಂದು ಕರೆಯುತ್ತೇವೆ. ಒಂದು ಹಲಗೆಯ ಮೇಲೆ ಸಾಲಾಗಿ ಮೂರು ವಸ್ತು ಇಡಿರಿ: ಆಟದ ಮುಚ್ಚಳ, ಊಟದ ಚಮಚ, ಹೊರಗೆ ಹೋಗುವ ಚಪ್ಪಲಿ. ಒಂದು ಮುಗಿದೊಡನೆ ಅದನ್ನು ಮಗುವಿನ ಕೈಯಿಂದಲೇ ಬುಟ್ಟಿಗೆ ಹಾಕಿಸಿ “ಆತು” ಎನ್ನಿರಿ. ಮುಗಿಸುವ ಮೊದಲು ‘ಇನ್ನು ಮೂರು ಸಲ’ ಎಂದು ಬೆರಳು ತೋರಿಸಿ ಎಣಿಸಿರಿ, ಮೂರು ಎಂದರೆ ಮೂರೇ ಆಗಿರಲಿ. ಮಾತಿಗೆ ತಪ್ಪಿದರೆ ಆ ಎಣಿಕೆಯನ್ನು ಮಗು ಮತ್ತೆ ನಂಬುವುದಿಲ್ಲ.

ಮನೆಯ ಮಾತಿನಲ್ಲಿಯೇ

ಮಗುವಿನೊಂದಿಗೆ ಪುಸ್ತಕದ ಕನ್ನಡ ಆಡಬೇಕೆಂಬ ತಪ್ಪು ಕಲ್ಪನೆ ಅನೇಕ ತಾಯಂದಿರಲ್ಲಿದೆ, ಅದಕ್ಕಿಂತ ಹೆಚ್ಚಿನ ತಪ್ಪು ಮಾತು ತಡವಾದ ಮಗುವಿಗೆ ಬರೀ ಇಂಗ್ಲಿಷ್ ಶಬ್ದ ಕಲಿಸುವುದು. ದಿನವಿಡೀ ಮನೆಯಲ್ಲಿ ಕಿವಿಗೆ ಬೀಳುವ ಮಾತೇ ಆಟದ ಮಾತಾಗಿರಲಿ: “ತಾ”, “ಒಗಿ”, “ಬಂತು”, “ಇನ್ನೊಮ್ಮಿ”, “ನನ್ ಪಾಳಿ”. ಹುಬ್ಬಳ್ಳಿಯ ಅನೇಕ ಮನೆಗಳಲ್ಲಿ ಉರ್ದು, ಮರಾಠಿ, ಗದಗಿನ ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಅಲ್ಲಿ ಆ ಮಾತಿನಲ್ಲಿಯೇ ಆಡಿರಿ, ಅಂಗನವಾಡಿ ಅಕ್ಕೋರು ಅಂಥ ಐದಾರು ಶಬ್ದಗಳನ್ನು ತಾಯಿಯಿಂದ ಕೇಳಿ ಬರೆದಿಟ್ಟುಕೊಳ್ಳಲಿ. ಮಗು ಒಂದು ಶಬ್ದ ಆಡುತ್ತಿದ್ದರೆ ನೀವು ಎರಡು ಆಡಿರಿ. ಅದು “ಚಂಡು” ಎಂದರೆ ನೀವು “ದೊಡ್ಡ ಚಂಡು” ಎನ್ನಿರಿ, ಅಷ್ಟು ಸಾಕು.

ಇಪ್ಪತ್ತೈದು ಮಕ್ಕಳ ನಡುವೆ ಒಂದು ಮಗು

ಅಂಗನವಾಡಿ ಕಾರ್ಯಕರ್ತೆಗೆ ಒಂದೇ ಕೋಣೆ, ಒಬ್ಬ ಸಹಾಯಕಿ, ತುಂಬ ಮಕ್ಕಳು, ಅದರ ಮೇಲೆ ರಜಿಸ್ಟರು. ಈ ಒತ್ತಡದಲ್ಲಿ ಒಬ್ಬ ಮಗುವಿಗೆ ಬೇರೆ ಪಾಠ ಮಾಡಿರೆಂದು ಹೇಳುವುದು ನ್ಯಾಯವಲ್ಲ. ಎಲ್ಲರ ಆಟದಲ್ಲಿಯೇ ಆ ಮಗುವಿಗೆ ಒಂದು ನಿಜವಾದ ಪಾತ್ರ ಹುಡುಕುವುದು ಸಾಧ್ಯ. ಮಕ್ಕಳನ್ನು ನಾಲ್ಕೈದರಂತೆ ಗುಂಪು ಮಾಡಿ, ತಾಳ್ಮೆಯಿರುವ ಒಬ್ಬ ಗೆಳತಿ ಅಥವಾ ಗೆಳೆಯನನ್ನು ಜೊತೆಗೆ ಕೂಡಿಸಿರಿ. ಆದರೆ ಅದೇ ಮಗುವಿಗೆ ದಿನವೂ ಆ ಹೊಣೆ ಹೊರಿಸಬೇಡಿರಿ. ಗದ್ದಲ ಹೆಚ್ಚಾದಾಗ ಹೋಗಿ ಕೂಡಲು ಒಂದು ಮೂಲೆಯನ್ನು ಚಾಪೆ, ಪರದೆ ಹಾಕಿ ಕಾದಿರಿಸಿರಿ. ಆ ಮೂಲೆ ಎಂದಿಗೂ ಶಿಕ್ಷೆಯ ಜಾಗವಾಗಬಾರದು.

ನಮ್ಮ ಹಬ್ಬಗಳೇ ಇದಕ್ಕೆ ದೊಡ್ಡ ನೆರವು. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಹದ ಮಾಡಿ ಎತ್ತು ಮಾಡುವಾಗ, ಮಣ್ಣು ತುಳಿಯುವ ಕೆಲಸ ಬಲವಾದ ಸ್ಪರ್ಶ ಬಯಸುವ ಮಗುವಿನದು, ನೀರು ಚಿಮುಕಿಸುವುದು ಮಣ್ಣು ಮುಟ್ಟಲು ಒಲ್ಲದ ಮಗುವಿನದು, ಉಂಡೆ ಕಟ್ಟುವುದು ಡೌನ್ ಸಿಂಡ್ರೋಮ್ ಇರುವ ಮಗುವಿನದು, ಆದ ಎತ್ತಿಗೆ ಕಣ್ಣು ಒತ್ತುವುದು ಒಂದೇ ಬೆರಳು ಚೆನ್ನಾಗಿ ಆಡುವ ಮಗುವಿನದು. ಕಣ್ಣಿಗೆ ಜೋಳದ ಕಾಳು ಇಡಿರಿ. ಗುಲಗಂಜಿ ನೋಡಲು ಚೆಂದವಾದರೂ ಜಗಿದು ನುಂಗಿದರೆ ವಿಷ, ಮಕ್ಕಳಿರುವ ಕೋಣೆಗೆ ಅದನ್ನು ತರಲೇಬೇಡಿರಿ. ಆಟ ಮುಗಿದ ಮೇಲೆ ಉಗುರಿನ ಸಂದಿಯವರೆಗೂ ಸೋಪು ಹಚ್ಚಿ ಕೈ ತೊಳೆಸಿರಿ.

ನಾಗರ ಪಂಚಮಿಯ ಜೋಕಾಲಿಯೂ ಹಾಗೆಯೇ. ಹಿಂದಕ್ಕೂ ಮುಂದಕ್ಕೂ ಒಂದೇ ಲಯದಲ್ಲಿ ನಿಧಾನವಾಗಿ ತೂಗಿದರೆ ಚಡಪಡಿಸುವ ಮಗು ಸಾಮಾನ್ಯವಾಗಿ ಶಾಂತವಾಗುತ್ತದೆ, ಗರಗರ ತಿರುಗಿಸಿದರೆ ಇನ್ನಷ್ಟು ಕೆರಳಬಹುದು. ಐದು ಸಲ ತೂಗಿ ನಿಲ್ಲಿಸಿ, ಕಾಯಿರಿ. ಮೈ ಅಲುಗಿಸಿಯೋ ಕಣ್ಣು ನೋಡಿಯೋ ಬಾಯಿ ಬಿಟ್ಟೋ ‘ಇನ್ನೊಮ್ಮಿ’ ಎಂದು ಕೇಳಿದೊಡನೆ ಮತ್ತೆ ತೂಗಿರಿ. ಮಾತು ಬಾರದ ಮಕ್ಕಳಿಂದ ಬೇಡಿಕೆ ಹೊರಡಿಸಲು ಇದರಷ್ಟು ಸುಲಭವಾದ ಆಟ ನನಗೆ ಬೇರೆ ಸಿಕ್ಕಿಲ್ಲ. ಕತ್ತು ನಿಲ್ಲದ ಮಗುವನ್ನು ದೊಡ್ಡವರು ಎದೆಗೊರಗಿಸಿಕೊಂಡು ಕೂಡಬೇಕು, ಮೂರ್ಛೆರೋಗ ಇರುವ ಮಗುವನ್ನು ಜೋಕಾಲಿಯಲ್ಲಿ ಒಂಟಿಯಾಗಿ ಬಿಡಬಾರದು.

ಕೇಳಬೇಕಾದ ಕಡೆ ಕೇಳುವುದು

ಆಟ ವೈದ್ಯಕೀಯ ಪರೀಕ್ಷೆಯ ಬದಲಿಯಲ್ಲ. ಮಾತು ಬಾರದ ಪ್ರತಿಯೊಂದು ಮಗುವಿನ ಕಿವಿಯನ್ನೂ ಮೊದಲು ಪರೀಕ್ಷಿಸಲೇಬೇಕು. ಮಗು ನಿದ್ದೆಯಲ್ಲಿರುವಾಗಲೇ ಮಾಡುವ ಬೇರಾ (BERA) ಎಂಬ ಶ್ರವಣ ಪರೀಕ್ಷೆಗೆ ಅದರ ಸಹಕಾರವೂ ಬೇಕಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಬಂದ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡದೆ ಕರೆದೊಯ್ಯಿರಿ. ಹೆಚ್ಚಿನ ತಪಾಸಣೆಗೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ನಮ್ಮ ಸುತ್ತಿನವರಿಗೆ ಹತ್ತಿರದವು. ವಿಶೇಷ ಅಗತ್ಯದ ಮಕ್ಕಳನ್ನು ಗುರುತಿಸಿ ಅಂಗನವಾಡಿಯಲ್ಲಿಯೇ ಸೇರಿಸಿಕೊಳ್ಳುವ ಕ್ರಮವನ್ನು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರ ನವೆಂಬರಿನಲ್ಲಿ ಹೊರಡಿಸಿದೆ, ಆದ್ದರಿಂದ ‘ಇಂಥ ಮಗು ನಮ್ಮಲ್ಲಿ ಬೇಡ’ ಎಂಬ ಮಾತನ್ನು ಒಪ್ಪಿಕೊಂಡು ಹಿಂದಿರುಗಬೇಡಿರಿ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ, ಶೇಕಡ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿಯೋ ತಾನು ಬಯಸಿದ ವಿಶೇಷ ಶಾಲೆಯಲ್ಲಿಯೋ ಉಚಿತವಾಗಿ ಕಲಿಯುವ ಹಕ್ಕು ಕೊಟ್ಟಿದೆ. ಶಾಲೆಗೆ ಸೇರಿದ ಮಗುವಿನ ವಿಷಯದಲ್ಲಿ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿ ಕಚೇರಿಗೆ ಹೋಗಿ ಬಿಐಇಆರ್‌ಟಿ ಎಂಬ ವಿಶೇಷ ಅಗತ್ಯದ ಮಕ್ಕಳ ಶಿಕ್ಷಕರನ್ನು ಕೇಳಿರಿ, ಶಾಲೆಗೆ ಬರಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆಯೂ ಅವರ ಮೂಲಕವೇ ಆಗುತ್ತದೆ. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು, ಪ್ರಮಾಣಪತ್ರ ಎಂದು ತಿಂಗಳುಗಟ್ಟಲೆ ಓಡಾಡುವಾಗ ಆಟವನ್ನು ನಿಲ್ಲಿಸಬೇಡಿರಿ. ಮಗುವಿನೊಂದಿಗೆ ನೆಲದ ಮೇಲೆ ಕುಳಿತು ಆಡಲು ಯಾರ ಸಹಿಯೂ ಬೇಕಿಲ್ಲ.

ಮೂರು ವಾರ ಒಂದೇ ಆಟದಲ್ಲಿ ಏನೂ ಹೊಸದು ಕಾಣದಿದ್ದರೆ ಮಗುವನ್ನು ದೂರುವ ಮೊದಲು ಕೂಡುವ ಜಾಗ, ಹೊತ್ತು, ಸಾಮಾನು, ನೀವು ಕಾಯುವ ಅವಧಿ, ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ ನೋಡಿರಿ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಮಗು ಮೊದಲು ಆಡುತ್ತಿದ್ದ ಮಾತು ನಿಂತಿದ್ದರೆ, ಮೊದಲು ಬರುತ್ತಿದ್ದ ನಡಿಗೆ, ಹಿಡಿತ ಹೋಗಿದ್ದರೆ, ದಿಟ್ಟಿ ಒಂದೆಡೆ ನಟ್ಟು ಕೆಲವು ಕ್ಷಣ ಕರೆದರೂ ಎಚ್ಚರವಿಲ್ಲದಂತಿದ್ದರೆ ತಡ ಮಾಡದೆ ವೈದ್ಯರನ್ನು ಕಾಣಿರಿ. ಹೋಗುವಾಗ ನೋಟುಬುಕ್ಕನ್ನು ಜೊತೆಗೆ ಒಯ್ಯಿರಿ, ಮೊದಲ ವಾರದ ಪುಟಕ್ಕೂ ಈ ವಾರದ ಪುಟಕ್ಕೂ ಗುರುತಿನ ಚೀಟಿ ಇಟ್ಟು ಎರಡನ್ನೂ ಅವರ ಮುಂದೆ ಬಿಚ್ಚಿ ತೋರಿಸಿರಿ.